ಲಿಫ್ಟ್ ಕಿಟ್ ಕೊಳ್ಳುವ ಮೊದಲು ಗಾಡಿ ಅಡಿಗೆ ಬಗ್ಗಿ ನೋಡಿ

ಮಳೆ ಬಿಡುತ್ತಾ ಬಂದ ಹಾಗೆ ನನಗೆ ಬರುವ ಫೋನುಗಳಲ್ಲಿ ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ನೆಲದಿಂದ ಎತ್ತರಿಸುವ ಸಾಮಾನು, ಅದರ ಬಗ್ಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. "ಅಣ್ಣಾ, ಎರಡು ಇಂಚು ಎತ್ತಿಸ್ಲಾ, ಮೂರು ಎತ್ತಿಸ್ಲಾ?" ಕೇಳುವವರಲ್ಲಿ ಅರ್ಧ ಜನ ಬೆಂಗಳೂರಿನವರು. ಇನ್ನರ್ಧ ನಮ್ಮ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು. ನಾನು ತಿರುಗಿ ಕೇಳುವುದು ಒಂದೇ: "ಈಗ ಗಾಡಿ ಎಲ್ಲಿ ಉಜ್ಜುತ್ತಿದೆ?" ಆಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ.

ಅಂಗಡಿಯವರು ಕಿಟ್ ಮಾರುವುದು ಇಂಚಿನ ಲೆಕ್ಕದಲ್ಲಿ, ಬಟ್ಟೆ ಅಳೆದು ಕೊಟ್ಟ ಹಾಗೆ. ಆದರೆ ಸ್ಪ್ರಿಂಗಿಗೆ ಇಂಚು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಈ ಒಂದು ವಿಷಯ ತಲೆಗೆ ಹೋಗಲು ನನಗೆ ಎರಡು ಸೆಟ್ ಸ್ಪ್ರಿಂಗಿನ ದುಡ್ಡು ಬೇಕಾಯಿತು. ಆ ಕತೆ ಮುಂದೆ ಹೇಳುತ್ತೇನೆ.

ಮೊದಲು ಉಜ್ಜಿದ ಗುರುತು ಹುಡುಕುವ ಕೆಲಸ. ನೀವು ಓಡಾಡುವ ದಾರಿಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದರಲ್ಲಿ ಒಮ್ಮೆ ಹೋಗಿ ಬನ್ನಿ. ಗಾಡಿ ತೊಳೆದು, ಟಾರ್ಚ್ ಹಿಡಿದು ಅಡಿಗೆ ನುಗ್ಗಿ. ಹೊಸದಾಗಿ ಹೊಳೆಯುತ್ತಿರುವ ಕಬ್ಬಿಣ ಎಲ್ಲಿದೆ ನೋಡಿ.

ಫುಟ್‌ಸ್ಟೆಪ್ ಮಾತ್ರ ಉಜ್ಜಿದೆಯಾ? ಅದನ್ನು ಬಿಚ್ಚಿಡಿ, ಅಷ್ಟೇ. ಒಂದು ರೂಪಾಯಿ ಖರ್ಚಿಲ್ಲದ ಲಿಫ್ಟ್ ಅದು. ಹೊಟ್ಟೆ, ಅಂದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸೆಲಿಗೆ ಹಂಚುವ ಗೇರ್ ಪೆಟ್ಟಿಗೆ) ಇರುವ ಮಧ್ಯಭಾಗ ಉಜ್ಜಿದ್ದರೆ ಸ್ಪ್ರಿಂಗ್ ಲಿಫ್ಟಿನಿಂದ ನಿಜವಾದ ಲಾಭ ಇದೆ. ಬಂಪರಿನ ಕೆಳಗಿನ ಅಂಚು ತಾಗುತ್ತಿದ್ದರೆ ಸ್ವಲ್ಪ ಲಾಭ ಇದೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್, ಆಕ್ಸೆಲ್ ನಡುವೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳಿರುವ ಆ ಕುಂಬಳಕಾಯಿಯಂಥ ಉಂಡೆ, ಅದು ಉಜ್ಜಿದ್ದರೆ? ಅಲ್ಲಿ ಸ್ಪ್ರಿಂಗ್ ಕಿಟ್ ಏನೂ ಮಾಡಲಾರದು. ಏಕೆಂದರೆ ಸ್ಪ್ರಿಂಗ್ ಕೂತಿರುವುದು ಆಕ್ಸೆಲ್ ಮೇಲೆ. ನೀವು ಎತ್ತುವುದು ಆಕ್ಸೆಲ್‌ಗಿಂತ ಮೇಲಿನದನ್ನು. ಡಿಫ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ.

ಟೈರೋ ಸ್ಪ್ರಿಂಗೋ

ಟೈರಿನ ಲೆಕ್ಕ ಸುಲಭ. ವ್ಯಾಸ ಎಷ್ಟು ಜಾಸ್ತಿ ಆಗುತ್ತದೋ ಅದರ ಅರ್ಧದಷ್ಟು ಆಕ್ಸೆಲ್ ಮೇಲೇರುತ್ತದೆ. ಮಾರುತಿ ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್15, ವ್ಯಾಸ ಸುಮಾರು 693 ಮಿ.ಮೀ. 215/75 ಆರ್15 ಹಾಕಿದರೆ 703. ಅಂದರೆ ಡಿಫ್ ಅಡಿ ಸಿಗುವುದು ಬರೀ 5 ಮಿ.ಮೀ. ಟೈರ್ ದಪ್ಪ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. 235/75 ಆರ್15 ಹಾಕಿದರೆ 733. ಆಗ 20 ಮಿ.ಮೀ. ಸಿಗುತ್ತದೆ. ಕೊರಕಲು ಬಿದ್ದ ದಾರಿಯಲ್ಲಿ 20 ಮಿ.ಮೀ. ಸಣ್ಣ ವಿಷಯ ಅಲ್ಲ.

ಆದರೆ ಅದಕ್ಕೂ ಬೆಲೆ ಇದೆ. ವ್ಯಾಸ ಸುಮಾರು ಶೇಕಡಾ 6ರಷ್ಟು ಹೆಚ್ಚಿದರೆ ಗೇರ್ ಅಷ್ಟು ಉದ್ದ ಆದ ಹಾಗೆ. ಮೀಟರ್ 60 ತೋರಿಸುವಾಗ ಮೊದಲು ಎಷ್ಟು ವೇಗದಲ್ಲಿ ಹೋಗುತ್ತಿದ್ದಿರೋ ಅದಕ್ಕಿಂತ ಮೂರೂವರೆ ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತೀರಿ. ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಮೊದಲೇ ತುಂಬಾ ಶಕ್ತಿವಂತ ಅಲ್ಲ. ಘಾಟಿ ಏರುವಾಗ ಒಂದು ಗೇರ್ ಕೆಳಗೇ ಓಡಿಸಬೇಕಾಗುತ್ತದೆ. ಟೈರಿನ ತೂಕವೂ ಸೇರಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಇಷ್ಟು ದೊಡ್ಡ ಟೈರಿಗೆ ಜಾಗ ಮಾಡಿಕೊಡಲು ಕೊನೆಗೆ ಸ್ಪ್ರಿಂಗ್ ಲಿಫ್ಟೂ ಬೇಕಾಗುತ್ತದೆ. ಇಲ್ಲವಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಟೈರ್ ಮೇಲಿನ ಬಾಡಿ ಅಂಚಿಗೆ ತಾಗುತ್ತದೆ. ಹಾಗಾಗಿ ಟೈರು, ಸ್ಪ್ರಿಂಗು ಎರಡನ್ನೂ ಒಟ್ಟಿಗೇ ಯೋಚಿಸಬೇಕು.

ನಡುವೆ ಒಂದು ಮಾತು. ಕೆಸರಲ್ಲಿ ಜಾರುವುದು, ಸಿಕ್ಕಿಹಾಕಿಕೊಳ್ಳುವುದು ಇವೆಲ್ಲ ಎತ್ತರದ ಸಮಸ್ಯೆಯೇ ಅಲ್ಲ. ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಗಾಡಿ ಒಂದಿಷ್ಟು ಮಿ.ಮೀ. ಕೆಳಗೆ ಕೂರುತ್ತದೆ, ನಿಜ. ಆದರೂ ಹಿಡಿತದಲ್ಲಿ ಸಿಗುವ ಲಾಭ ಅದಕ್ಕಿಂತ ಎಷ್ಟೋ ಜಾಸ್ತಿ.

ನಿಮ್ಮ ಗಾಡಿ ಯಾವುದು?

ಎರಡು ಇಂಚು ಅನ್ನುವ ಮಾತು ಜಿಪ್ಸಿಯಲ್ಲಿ ಒಂದು, ಥಾರ್‌ನಲ್ಲಿ ಇನ್ನೊಂದು. ಅಡಿಯ ಕಟ್ಟಡವೇ ಬೇರೆ.

ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸೆಲ್, ಕಾಯಿಲ್ ಸ್ಪ್ರಿಂಗ್. ಎತ್ತಲು ಇಷ್ಟು ಸುಲಭದ ಗಾಡಿ ಈಗಿನ ಷೋರೂಮುಗಳಲ್ಲಿ ಮತ್ತೊಂದಿಲ್ಲ. ನಮ್ಮಲ್ಲಿ 2023ರಲ್ಲಿ ಬಂದ ಐದು ಬಾಗಿಲಿನದ್ದರ ವೀಲ್‌ಬೇಸ್ 2590 ಮಿ.ಮೀ. ಉದ್ದ ಹೊಟ್ಟೆ. ಕಂಪನಿ ಹೇಳುವ ರ‍್ಯಾಂಪ್ ಕೋನ 24 ಡಿಗ್ರಿ, ಅಂದರೆ ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಚೂಪು ಅಷ್ಟು. ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ಕೂರುವುದು ಇದಕ್ಕೇ. 40 ಮಿ.ಮೀ. ಎತ್ತಿದರೆ ನನ್ನ ಲೆಕ್ಕದಲ್ಲಿ ಸುಮಾರು 3 ಡಿಗ್ರಿ ಸಿಗುತ್ತದೆ. ತೋಟದ ದಾರಿಯ ಅಡ್ಡ ಚರಂಡಿಗಳಲ್ಲಿ ಆ 3 ಡಿಗ್ರಿ ಚೆನ್ನಾಗಿ ಗೊತ್ತಾಗುತ್ತದೆ.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಮುಂದಿನ ಆಕ್ಸೆಲ್ ಎರಡು ಉದ್ದ ತೋಳುಗಳಿಗೆ ಅಂಟಿಕೊಂಡಿದೆ. ಬಾಡಿ ಮೇಲೆ ಹೋದ ಹಾಗೆ ಆ ತೋಳು ಇಳಿಜಾರಾಗಿ, ಆಕ್ಸೆಲ್ ಸ್ವಲ್ಪ ಉರುಳುತ್ತದೆ. ಕ್ಯಾಸ್ಟರ್ ಕೋನ, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ, ಕಡಿಮೆ ಆಗುತ್ತದೆ. ಆಮೇಲೆ ಹೈವೇಯಲ್ಲಿ ಸ್ಟೇರಿಂಗ್ ಅಲೆದಾಡುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಬರುವುದಿಲ್ಲ. ಇದಕ್ಕೆ ಕ್ಯಾಸ್ಟರ್ ಬುಷ್ ಅಂತ ಸಿಗುತ್ತದೆ, ತೂತು ಪಕ್ಕಕ್ಕೆ ಸರಿದಿರುವ ಬುಷ್. 40–50 ಮಿ.ಮೀ. ಎತ್ತುವವರು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎರಡನೆಯದು ಪ್ಯಾನ್‌ಹಾರ್ಡ್ ರಾಡ್. ಆಕ್ಸೆಲನ್ನು ಅಡ್ಡಡ್ಡ ಹಿಡಿದಿರುವ ಸಲಾಕೆ ಅದು. ಗಾಡಿ ಎತ್ತಿದರೆ ಆಕ್ಸೆಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಒಂದು ಚಕ್ರ ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಲು ಬರುವ ರಾಡ್ ಹಾಕಿದರೆ ಸರಿಹೋಗುತ್ತದೆ.

ಥಾರ್ ಬೇರೆ ಜಾತಿ. 2020ರಲ್ಲಿ ಬಂದ ಥಾರ್‌ನ ಮುಂದಿನ ಚಕ್ರಗಳು ಸ್ವತಂತ್ರ, ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್. ಹಿಂದೆ ಗಟ್ಟಿ ಆಕ್ಸೆಲ್, ಕಾಯಿಲ್ ಸ್ಪ್ರಿಂಗ್. ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ. ಮುಂದಿನ ಡಿಫ್ ಚಾಸಿಗೇ ಬೋಲ್ಟ್ ಆಗಿರುವುದರಿಂದ ಮುಂಭಾಗ ಎತ್ತಿದರೆ ಅದೂ ಮೇಲೆ ಬರುತ್ತದೆ. ಒಳ್ಳೆಯದೇ ಅಲ್ವಾ? ಆದರೆ ಚಕ್ರ ಕೆಳಗೇ ಇದೆ. ಡಿಫ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟು ಓರೆಯಾಗುತ್ತದೆ. ಎತ್ತಿದಷ್ಟೂ ಓರೆ. ಅದರ ಸಿವಿ ಜಾಯಿಂಟ್ (ಓರೆಯಲ್ಲೂ ಶಾಫ್ಟ್ ತಿರುಗಲು ಬಿಡುವ ಕೀಲು), ರಬ್ಬರ್ ಬೂಟ್, ತೋಳಿನ ಬಾಲ್ ಜಾಯಿಂಟ್ ಎಲ್ಲವೂ ಬೇಗ ಸವೆಯುತ್ತವೆ. ಹಾಗಾಗಿ ಮುಂದೆ 2 ಇಂಚು ಅನ್ನುವುದು ನನ್ನ ಪ್ರಕಾರ ಕೊನೆಯ ಗೆರೆ. ಒಂದೂವರೆ ಇಂಚಿಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಮೂರು ಇಂಚು ಎತ್ತಿ, ನಾಲ್ಕು ಚಕ್ರ ಎಳೆಯುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಟಕಟಕ ಅನ್ನುವ ಸದ್ದು ಕೇಳುತ್ತದೆ. ಆ ಸದ್ದಿನ ಬೆಲೆ ಒಂದು ಶಾಫ್ಟ್.

ಜಿಪ್ಸಿ ಮತ್ತು ಹಳೆಯ ಮಹೀಂದ್ರಾ ಜೀಪುಗಳು ಪ್ಲೇಟಿನ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ, ಮೇಲೆ ಕೂತಿರುವ ಗಾಡಿಗಳು. ಕೊಡಗಿನ ಮಾಂದಲಪಟ್ಟಿಗೆ ಜನ ಹತ್ತಿಸಿಕೊಂಡು ಹೋಗುವ ಜೀಪಿನವರನ್ನು ಕೇಳಿ ನೋಡಿ, ಲಿಫ್ಟ್ ಕಿಟ್ ಅನ್ನುವ ಪದ ಅವರ ಬಾಯಲ್ಲಿ ಬರುವುದೇ ಕಷ್ಟ. ಪ್ಲೇಟ್ ಕೂತುಹೋಯಿತಾ, ಬಿಚ್ಚಿಸಿ ಬಾಗು ಸರಿಮಾಡಿಸುತ್ತಾರೆ ಇಲ್ಲವೇ ಒಂದು ಪ್ಲೇಟ್ ಸೇರಿಸುತ್ತಾರೆ. ಅದು ಅಗ್ಗದ ದಾರಿ, ಕೆಲಸವನ್ನೂ ಮಾಡುತ್ತದೆ. ಆದರೆ ಪ್ಲೇಟ್ ಸೇರಿಸಿದಷ್ಟೂ ಗಾಡಿ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಕೂತವರ ಸೊಂಟಕ್ಕೆ ಗೊತ್ತು ಅದರ ಕಷ್ಟ. ಉದ್ದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕುವ ಇನ್ನೊಂದು ದಾರಿ ಇದೆ. ಒಂದು ಇಂಚು ಎತ್ತರ ಬೇಕಾದರೆ ಶ್ಯಾಕಲ್ ಎರಡು ಇಂಚು ಉದ್ದ ಆಗಬೇಕು. ಅದು ಅಡ್ಡಡ್ಡ ತೂಗುತ್ತದೆ, ಮುಂದಿನ ಆಕ್ಸೆಲಿನ ಕೋನವನ್ನೂ ಕೆಡಿಸುತ್ತದೆ. ನನಗಂತೂ ಇಷ್ಟವಿಲ್ಲ.

ಆಕ್ಸೆಲ್ ಅಡಿ ಇರುವ ಪ್ಲೇಟನ್ನು ಆಕ್ಸೆಲ್ ಮೇಲಕ್ಕೆ ತಂದು ಕೂರಿಸುವ ಕೆಲಸ ಜಿಪ್ಸಿಯಲ್ಲಿ ಬಹಳ ಪ್ರಸಿದ್ಧ. ಒಂದೇ ಏಟಿಗೆ ಸುಮಾರು 5 ಇಂಚು ಸಿಗುತ್ತದೆ. ಕೂತರೆ ರಾಜನ ಹಾಗೆ ಇರುತ್ತದೆ. ಜೊತೆಗೆ ಸ್ಟೇರಿಂಗ್ ರಾಡ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಸ್ಪರ್ಧೆಗೆ ಮಾತ್ರ ಇಟ್ಟುಕೊಂಡ, ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವ ಗಾಡಿಗೆ ಅದು ಸರಿ. ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗುವ ಗಾಡಿಗೆ ಬೇಡ.

ಸ್ಪೇಸರ್, ಪೂರ್ತಿ ಕಿಟ್, ಬಾಡಿ ಲಿಫ್ಟ್

ಬಾಡಿ ಲಿಫ್ಟಿನ ಬಗ್ಗೆ ಎರಡೇ ಮಾತು. ಚಾಸಿಗೂ ಬಾಡಿಗೂ ನಡುವೆ ಬಿಲ್ಲೆ ಇಡುತ್ತಾರೆ. ಟೈರಿಗೆ ಜಾಗ ಸಿಗುತ್ತದೆ, ಚಾಸಿ ಮಾತ್ರ ಇದ್ದಲ್ಲೇ ಇರುತ್ತದೆ. ಹೊಟ್ಟೆ ಉಜ್ಜುವುದು ನಿಲ್ಲುವುದಿಲ್ಲ. ಬಿಟ್ಟುಬಿಡಿ.

ಸ್ಪೇಸರ್ ಅಂದರೆ ಸ್ಪ್ರಿಂಗ್ ಅಥವಾ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿರುವ ಭಾಗ) ಮೇಲೆ ಇಡುವ ಗಟ್ಟಿ ಬಿಲ್ಲೆ. ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ, ಅರ್ಧ ದಿನದ ಕೆಲಸ. ಹಳೆಯ ಸ್ಪ್ರಿಂಗ್, ಹಳೆಯ ಶಾಕ್ಸೇ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಇರುವುದರಿಂದ ಟಾರ್ ರಸ್ತೆಯಲ್ಲಿ ಮೊದಲಿನಷ್ಟೇ ಮೆತ್ತಗೆ. ಇದನ್ನು ಕಂಡರೆ ಮೂಗು ಮುರಿಯುವವರು ಬಹಳ ಜನ. ನಾನು ಅಷ್ಟು ಮುರಿಯುವುದಿಲ್ಲ. ಒಂದು ಇಂಚಿನ ಒಳಗೆ, ಟೈರಿಗೆ ಜಾಗ ಮಾಡಲು ಅಂತ ಹಾಕಿದರೆ ತಪ್ಪೇನಿಲ್ಲ. ಅದನ್ನು ದಾಟಿದಾಗ ತೊಂದರೆ ಶುರು. ಶಾಕ್ಸಿನ ಉದ್ದ ಅಷ್ಟೇ ಇರುವುದರಿಂದ ಚಕ್ರ ಗುಂಡಿಗೆ ಇಳಿಯಲು ಉಳಿಯುವ ದೂರ ಕಡಿಮೆ. ಜಿಮ್ನಿಯಂಥ ಗಾಡಿ ಎತ್ತರವಾಗುತ್ತದೆ, ಆದರೆ ಚಕ್ರ ಮೊದಲಿಗಿಂತ ಬೇಗ ಗಾಳಿಯಲ್ಲಿ ನೇತಾಡುತ್ತದೆ. ನೆಲ ಮುಟ್ಟದ ಚಕ್ರದಿಂದ ಏನು ಉಪಯೋಗ?

ಥಾರ್‌ನ ಮುಂದೆ ಇನ್ನೊಂದು ಮೋಸ ಇದೆ. ಅಲ್ಲಿ ಸ್ಟ್ರಟ್ ಕೂತಿರುವುದು ಕೆಳತೋಳಿನ ನಡುವಿನಲ್ಲಿ, ಚಕ್ರದ ಹತ್ತಿರ ಅಲ್ಲ. ಹಾಗಾಗಿ ಸ್ಟ್ರಟ್ ಮೇಲೆ ಒಂದು ಇಂಚಿನ ಬಿಲ್ಲೆ ಇಟ್ಟರೆ ಚಕ್ರದ ಬಳಿ ಒಂದು ಇಂಚಿಗಿಂತ ಜಾಸ್ತಿಯೇ ಎತ್ತುತ್ತದೆ. "ಎರಡು ಇಂಚಿನ ಸ್ಪೇಸರ್" ಅಂತ ಯಾರಾದರೂ ಹೇಳಿದರೆ, ಅದು ಬಿಲ್ಲೆಯ ದಪ್ಪವೋ ಗಾಡಿ ಏರುವ ಎತ್ತರವೋ ಅಂತ ಮೊದಲು ಕೇಳಿ.

ಪೂರ್ತಿ ಕಿಟ್ ಅಂದರೆ ಹೊಸ ಸ್ಪ್ರಿಂಗ್ ಮತ್ತು ಅದಕ್ಕೆ ತಕ್ಕ ಉದ್ದದ ಹೊಸ ಶಾಕ್ಸ್. ಖರ್ಚು ಲಕ್ಷದ ಆಸುಪಾಸಿಗೆ, ಕೆಲವೊಮ್ಮೆ ಅದರಾಚೆಗೂ ಹೋಗುತ್ತದೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಟಫ್ ಡಾಗ್ ಇವೆಲ್ಲ ಆಸ್ಟ್ರೇಲಿಯಾದ ಹೆಸರುಗಳು. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಸಾವಿರಾರು ಕಿಲೋಮೀಟರ್ ಮಣ್ಣು ರಸ್ತೆ ಓಡುವವರು ಅಲ್ಲಿನ ಜನ. ಯಾವ ಹೆಸರು ಒಳ್ಳೆಯದು ಅನ್ನುವುದಕ್ಕಿಂತ, ಅದರಲ್ಲಿ ಯಾವ ಸ್ಪ್ರಿಂಗ್ ಅನ್ನುವುದು ಮುಖ್ಯ. ನಾನು ದುಡ್ಡು ಕಳೆದುಕೊಂಡದ್ದು ಇಲ್ಲೇ.

ಇಂಚಲ್ಲ, ಕೆಜಿ

ಒಂದೇ ಎತ್ತರದ ಸ್ಪ್ರಿಂಗನ್ನು ಎರಡು ಮೂರು ಬಗೆಯಲ್ಲಿ ಮಾಡುತ್ತಾರೆ. ಖಾಲಿ ಗಾಡಿಗೆ, ಮಧ್ಯಮ ಭಾರಕ್ಕೆ, ಸದಾ ಹೊರುವ ಭಾರಕ್ಕೆ. ನಮ್ಮ ಗಾಡಿಗೆ ಸ್ಪ್ರಿಂಗ್ ಹಾಕಿಸುವಾಗ ಮಾರುವವರು ಕೇಳಿದರು, "ತೋಟಕ್ಕೆ ಅಲ್ವಾ ಸಾರ್, ಹೆವಿ ಹಾಕಿಬಿಡ್ಲಾ?" ನಾನೂ ಹೂಂ ಅಂದೆ. ಮನಸ್ಸಿನಲ್ಲಿ ಇದ್ದದ್ದು ಕಾಫಿ ಕೊಯ್ಲಿನ ದಿನಗಳು. ನಾಲ್ಕು ಮೂಟೆ ಅಂದರೆ 200 ಕೆಜಿ. ಆ ಕೆಲವು ವಾರ ಗಾಡಿ ಅದ್ಭುತವಾಗಿತ್ತು. ಉಳಿದ ಹತ್ತು ತಿಂಗಳು ನಾನೊಬ್ಬನೇ, ಹಿಂದೆ ಒಂದು ಕತ್ತಿ, ಒಂದು ಛತ್ರಿ. ಗಾಡಿ ಹಂಪಿನ ಮೇಲೆ ಕುಪ್ಪಳಿಸುತ್ತಿತ್ತು. ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಹಗುರಾಗಿ ಪಕ್ಕಕ್ಕೆ ಜಾರಿ ಎದೆ ಧಸಕ್ ಅಂದದ್ದೂ ಇದೆ. ನನ್ನ ಹೆಂಡತಿ ಅದರಲ್ಲಿ ಕೂರುವುದನ್ನೇ ಬಿಟ್ಟಳು. ಮಾರನೇ ವರ್ಷ ಹಿಂದಿನ ಸ್ಪ್ರಿಂಗ್ ಎರಡನ್ನೂ ಮಧ್ಯಮ ಭಾರದ್ದಕ್ಕೆ ಬದಲಾಯಿಸಿದೆ.

ಹಾಗಾಗಿ ಕಾಗದ ತೆಗೆದುಕೊಂಡು ಬರೆಯಿರಿ. ವರ್ಷದ ಹೆಚ್ಚಿನ ದಿನ ಗಾಡಿಯ ಮೇಲೆ ಏನಿರುತ್ತದೆ? ಬಿಚ್ಚಲಾಗದ ಭಾರ ಎಷ್ಟು? ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಎರಡೂ ಸೇರಿ 70–80 ಕೆಜಿ ಆಗುವುದು ಸಾಮಾನ್ಯ. ಸುಮಾರು 1200 ಕೆಜಿಯ ಜಿಮ್ನಿಯ ಮೂಗಿನ ಮೇಲೆ ಅಷ್ಟು ಕೂತರೆ ಮಾಮೂಲಿ ಸ್ಪ್ರಿಂಗ್ ಕುಸಿಯುತ್ತದೆ. ಅಂಥವರಿಗೆ ಮುಂದೆ ಬಿಗಿ ಸ್ಪ್ರಿಂಗ್, ಹಿಂದೆ ಮಾಮೂಲಿ. ವಿಂಚ್ ಹಾಕುವ ಯೋಚನೆ ಮುಂದಿನ ವರ್ಷಕ್ಕಿದ್ದರೆ ಮೊದಲು ವಿಂಚ್ ಹಾಕಿಸಿ, ಆಮೇಲೆ ಸ್ಪ್ರಿಂಗ್ ಆರಿಸಿ. ತಿರುಗಿಸಿ ಮಾಡಿದರೆ ನನ್ನ ಹಾಗೆ ಎರಡು ಸಲ ದುಡ್ಡು.

ಚಾವಣಿಯ ಮೇಲೆ ಟೆಂಟ್ ಹೊರುವವರು ಎತ್ತರದ ಆಸೆ ಇನ್ನಷ್ಟು ಕಡಿಮೆ ಮಾಡಿಕೊಳ್ಳಿ. ಒಂದು ಕಡೆ ದರೆ, ಇನ್ನೊಂದು ಕಡೆ ಕೊಲ್ಲಿ, ನಡುವೆ ಓರೆಯಾದ ದಾರಿ. ನಮ್ಮ ಕಡೆ ಇಂಥವೇ ಜಾಸ್ತಿ. ಭಾರ ಮೇಲೆ ಹೋದಷ್ಟೂ ಗಾಡಿ ಮಗುಚುವುದು ಸುಲಭ.

ಶಾಕ್ಸ್: ಎಷ್ಟು ಬೇಕೋ ಅಷ್ಟೇ

ಇಲ್ಲಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಪಕ್ಕದಲ್ಲಿ ಡಬ್ಬಿ ಇರುವ ರಿಸರ್ವಾಯರ್ ಶಾಕ್ಸ್ ನೋಡಲು ಚೆನ್ನ. ಆ ಡಬ್ಬಿ ಇರುವುದು ಹೆಚ್ಚು ಎಣ್ಣೆ ಹಿಡಿದು ಬಿಸಿ ತಡೆಯಲು. ಲಡಾಖ್‌ನ ಅಲೆ ಅಲೆ ಮಣ್ಣು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಶಾಕ್ಸ್ ಕಾಯುತ್ತದೆ, ಎಣ್ಣೆ ತೆಳುವಾಗಿ ಹಿಡಿತ ತಪ್ಪುತ್ತದೆ. ಮಲೆನಾಡಿನ ದಾರಿಯಲ್ಲಿ ನಾವು ಹೋಗುವುದು ಗಂಟೆಗೆ ಹತ್ತು ಕಿಲೋಮೀಟರ್. ಶಾಕ್ಸ್ ಕಾಯುವ ಮಾತೆಲ್ಲಿ?

ಉಳಿದದ್ದು ಎರಡು ಬಗೆ. ಟ್ವಿನ್ ಟ್ಯೂಬಿನಲ್ಲಿ ಒಂದರೊಳಗೆ ಒಂದು ಕೊಳವೆ. ಫೋಮ್ ಸೆಲ್ ಅನ್ನುವುದೂ ಅದರದ್ದೇ ರೂಪ, ಎಣ್ಣೆ ನೊರೆ ಬಾರದ ಹಾಗೆ ಒಳಗೆ ಫೋಮ್ ಇಟ್ಟಿರುತ್ತಾರೆ. ಹೊರಗಿನ ಕೊಳವೆಗೆ ಕಲ್ಲು ಬಡಿದು ಸಣ್ಣ ನೆಗ್ಗು ಬಿದ್ದರೂ ಕೆಲಸ ನಡೆಯುತ್ತದೆ. ಮೋನೋ ಟ್ಯೂಬಿನಲ್ಲಿ ಒಂದೇ ಕೊಳವೆ, ಹೆಚ್ಚು ಒತ್ತಡದ ನೈಟ್ರೋಜನ್. ಹೈವೇಯಲ್ಲಿ ಚುರುಕು, ಬಿಸಿಯನ್ನೂ ಬೇಗ ಬಿಡುತ್ತದೆ. ಆದರೆ ಪಿಸ್ಟನ್ ಓಡುವುದೇ ಹೊರಕೊಳವೆಯಲ್ಲಿ. ಕೆಟ್ಟ ಜಾಗದಲ್ಲಿ ನೆಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಲ್ಲು ಜಾಸ್ತಿ ಇರುವ ತೋಟದ ಕೆಲಸಕ್ಕೆ ನನ್ನ ಓಟು ಫೋಮ್ ಸೆಲ್ಲಿಗೆ. ಬೆಂಗಳೂರಿನಿಂದ ಪ್ರತಿ ವಾರ ನಾಲ್ಕೈದು ಗಂಟೆ ಹೈವೇ ಓಡಿಸಿ ಬರುವವರು ಮೋನೋ ಟ್ಯೂಬ್ ನೋಡಬಹುದು.

ಕಾನೂನಿನ ಮಾತು

ಇದನ್ನು ಹಾರಿಸಿ ಓದಬೇಡಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಕಂಪನಿ ವಾರಂಟಿ ಮತ್ತು ವಿಮೆಯ ಮೇಲೂ ಇದರ ನೆರಳು ಬೀಳುತ್ತದೆ. ಅಪಘಾತ ಆದ ಮೇಲೆ ಸರ್ವೇಯರ್ ಬಗ್ಗಿ ನೋಡುವುದೂ ಅಡಿಗೇ. ಆರ್‌ಟಿಓ ಮತ್ತು ವಿಮೆಯವರನ್ನು ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ವಾರಂಟಿ ಇನ್ನೂ ಇರುವ ಹೊಸ ಗಾಡಿಯವರಿಗೆ ನಾನು ಹೇಳುವುದು, ಅದು ಮುಗಿಯುವವರೆಗೆ ಒಳ್ಳೆಯ ಟೈರ್ ಮತ್ತು ಹೊಟ್ಟೆಗೊಂದು ಸ್ಕಿಡ್ ಪ್ಲೇಟ್ (ಕಲ್ಲಿನ ಪೆಟ್ಟು ತಡೆಯುವ ಲೋಹದ ಹಾಳೆ) ಸಾಕು.

ಹಾಗಾದರೆ ಯಾವುದು?

ಥಾರ್, ಬೆಂಗಳೂರು, ತಿಂಗಳಿಗೊಮ್ಮೆ ತೋಟದ ದಾರಿ: ಏನೂ ಬೇಡ. 226 ಮಿ.ಮೀ. ಸಾಕಷ್ಟಾಯಿತು. ಜಿಮ್ನಿ, ಹೊಟ್ಟೆ ಉಜ್ಜುತ್ತಿದೆ, ಮೇಲೆ ಭಾರ ಇಲ್ಲ: 40 ಮಿ.ಮೀ. ಪೂರ್ತಿ ಕಿಟ್, ಹಗುರ ಸ್ಪ್ರಿಂಗ್, ಕ್ಯಾಸ್ಟರ್ ಬುಷ್. ಡಿಫ್ ಉಜ್ಜುತ್ತಿದ್ದರೆ ಕಿಟ್ಟಿನ ಜೊತೆ ಟೈರೂ. ಥಾರ್ ಮುಂದೆ ವಿಂಚ್ ಇದೆ, ಮೂಗು ಕುಸಿದಿದೆ: ಮುಂದೆ ಬಿಗಿ ಸ್ಪ್ರಿಂಗ್ ಹಾಕಿ ಮೊದಲಿನ ಎತ್ತರಕ್ಕೆ ತನ್ನಿ, ಅದರ ಮೇಲೆ ಒಂದು ಇಂಚು ಸಿಕ್ಕರೆ ಲಾಭ. ಹಳೆಯ ಜಿಪ್ಸಿ: ಮೊದಲು ಹೊಸ ಪ್ಲೇಟ್ ಸೆಟ್, ಹೊಸ ಬುಷ್ ಹಾಕಿಸಿ ನೋಡಿ. ಇಪ್ಪತ್ತು ವರ್ಷದ ಪ್ಲೇಟ್ ಎಷ್ಟು ಕೂತಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಎಷ್ಟೋ ಗಾಡಿಗೆ ಅದೇ ಲಿಫ್ಟ್.

ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಕೆಲಸ ಶುರುವಾಗುವ ಮೊದಲು ಸಮತಟ್ಟು ನೆಲದಲ್ಲಿ ನಾಲ್ಕೂ ಚಕ್ರದ ನಡುಬಿಂದುವಿನಿಂದ ಅದರ ಮೇಲಿರುವ ಬಾಡಿ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಚಕ್ರ ಪೂರ್ತಿ ನೇತಾಡಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತಿದೆಯಾ ಕೈ ಹಾಕಿ ನೋಡಿ. ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು: ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಕೊನೆಯ ಬಿಗಿ ಕೊಡಬೇಕು. ನನ್ನದನ್ನು ಒಂದು ಗ್ಯಾರೇಜಿನಲ್ಲಿ ಗಾಡಿ ಮೇಲೆ ಎತ್ತಿಟ್ಟು, ಚಕ್ರ ನೇತಾಡುವಾಗಲೇ ಬಿಗಿಮಾಡಿ ಕಳಿಸಿದರು. ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂತಿತು. ಐದು ತಿಂಗಳಲ್ಲಿ ಹರಿದು ಕಿರ್‍ರೋ ಅನ್ನತೊಡಗಿತು. ನಾನು ಬೈದುಕೊಂಡದ್ದು ಕಿಟ್ಟನ್ನು, ತಪ್ಪು ಸ್ಪ್ಯಾನರಿನದ್ದು.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಸಾವಿರ ಕಿಲೋಮೀಟರ್ ಆದ ಮೇಲೆ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಆಗ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿಸಿ, ಮತ್ತೆ ಅಳೆಯಿರಿ. ಹೆಡ್‌ಲೈಟ್ ಬೆಳಕನ್ನೂ ಕೆಳಗಿಳಿಸಿ. ಇಲ್ಲವಾದರೆ ರಾತ್ರಿ ಶಿರಾಡಿ ಘಾಟಿಯಲ್ಲಿ ಎದುರು ಬರುವ ಲಾರಿಯವರೆಲ್ಲ ನಿಮಗೆ ಲೈಟ್ ಹೊಡೆಯುತ್ತಲೇ ಇರುತ್ತಾರೆ.